ಕರುವಿಗೆ ಬಾಟ್ಲು ಹಾಕಿಸಿದ್ದೆವು, ಆದರೂ ಉಳಿಯಲಿಲ್ಲ. ತಪ್ಪಾಗಿದ್ದೆಲ್ಲಿ?

ಕೆಂಪಿಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣದ ಕಡೆ. ನಾಲ್ಕು ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಷಿಯನ್ ತಳಿ) ಹಸು ಇವೆ. ಹೋದ ತಿಂಗಳು ಹುಟ್ಟಿದ ಹೆಣ್ಣುಗರುವಿಗೆ ಒಂಬತ್ತನೇ ದಿನಕ್ಕೆ ಭೇದಿ ಶುರುವಾಯಿತು. ಹಳದಿ ನೀರು, ಬಾಲವೆಲ್ಲ ಅಂಟು. ಹಾಲು ಕುಡಿಸಿದರೆ ಜಾಸ್ತಿ ಆಗುತ್ತದೆ ಅಂತ ಹಾಲು ನಿಲ್ಲಿಸಿದೆವು. ಎರಡನೇ ದಿನ ಸಂಜೆ ಮಲಗಿದ್ದು ಏಳಲೇ ಇಲ್ಲ. ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು. ಗೊತ್ತಿದ್ದವರೊಬ್ಬರನ್ನು ಕರೆಸಿದೆವು. ಅವರು ಕುತ್ತಿಗೆಗೆ ಸೂಜಿ ಹಾಕಿ ಒಂದು ಡಿಎನ್‌ಎಸ್ ಬಾಟ್ಲು (ಗ್ಲೂಕೋಸ್ ಸೇರಿಸಿದ ಉಪ್ಪುನೀರು) ಏರಿಸಿದರು. ಬಾಟ್ಲು ಮುಗಿಯುವಷ್ಟರಲ್ಲಿ ಕಿವಿ ಆಡಿಸಿತು, ತಲೆ ಎತ್ತಿತು. ನಾವೆಲ್ಲ ಖುಷಿಯಾಗಿ ಊಟ ಮಾಡಿ ಮಲಗಿದೆವು. ಬೆಳಗಿನ ಜಾವ ನೋಡಿದರೆ ಹೋಗಿತ್ತು.

ಬಾಟ್ಲು ಹಾಕಿಸಿದ್ದಕ್ಕೇ ಹೋಯಿತು ಅಂತ ಅಮ್ಮ ಅನ್ನುತ್ತಾರೆ. ನಂಜಾಗಿರಬೇಕು ಅಂತ ಪಕ್ಕದ ಮನೆಯವರು. ಇನ್ನೊಂದು ಹಸು ದಿನ ತುಂಬಿದೆ, ಅದಕ್ಕೇ ಕೇಳುತ್ತಿದ್ದೇನೆ. ಬಾಟ್ಲು ಹಾಕಿಸಿದ್ದು ತಪ್ಪಾ?

ಎಚ್‌ಎಫ್ ಹತ್ತು

ಅಣ್ಣಾ, ನಮ್ಮ ಕೋಲಾರದ ಕಡೆಯೂ ಇದೇ ಕತೆ. ಹೋದ ವರ್ಷ ಎರಡು ಕರು ಕಳೆದುಕೊಂಡೆ. ಎರಡಕ್ಕೂ ಬಾಟ್ಲು ಹಾಕಿಸಿದ್ದೆ. ಶಕ್ತಿ ಬರಲಿ ಅಂತ ಗ್ಲೂಕೋಸೇ ಹಾಕಿಸಿದ್ದೆ. ಡಾಕ್ಟರ್ ಸಾರ್ ಯಾರಾದರೂ ಇದ್ದರೆ ಹೇಳಿ.

ಹಳೇ ಸ್ಟೆತೊಸ್ಕೋಪ್

ನಾನು ದನದ ಡಾಕ್ಟರಾಗಿದ್ದು 31 ವರ್ಷ. ಈಗ ನಿವೃತ್ತಿ. ಕೆಂಪಿಮನೆಯವರೇ, ಬಾಟ್ಲು ಹಾಕಿಸಿದ್ದು ತಪ್ಪಲ್ಲ. ಒಂದೇ ಬಾಟ್ಲು ಹಾಕಿಸಿದ್ದು ಸಾಲಲಿಲ್ಲ. ಲೆಕ್ಕ ತೋರಿಸುತ್ತೇನೆ, ನೀವೇ ನೋಡಿ.

ಒಂಬತ್ತು ದಿನದ ಎಚ್‌ಎಫ್ ಕರು ಸುಮಾರು 40 ಕೆಜಿ ಅಂದುಕೊಳ್ಳಿ. ಏಳುವುದಕ್ಕಾಗದೆ, ಬಾಯಿ ತಣ್ಣಗಾಗಿ ಮಲಗಿದೆ ಅಂದರೆ ಮೈಯ ತೂಕದ 10% ಆದರೂ ನೀರು ಹೋಗಿದೆ. 40 ಕೆಜಿಗೆ 10% ಅಂದರೆ 4 ಲೀಟರ್. ನಿಮ್ಮ ಬಾಟ್ಲು ಅರ್ಧ ಲೀಟರ್. ಎಂಟು ಬಾಟ್ಲು ಸಾಲ ಇತ್ತು, ಒಂದು ಬಾಟ್ಲು ತೀರಿಸಿದಿರಿ. ಇದಲ್ಲದೆ ದಿನದ ಖರ್ಚು ಬೇರೆ. ಉಸಿರು, ಮೂತ್ರ ಎಲ್ಲ ಸೇರಿ ಆ ಗಾತ್ರದ ಕರುವಿಗೆ ದಿನಕ್ಕೆ 2 ಲೀಟರ್ ಆದರೂ ಬೇಕು. ಭೇದಿ ನಿಂತಿಲ್ಲವಲ್ಲ, ಅದರಲ್ಲಿ ಹೋಗುವುದು ಒಂದರಿಂದ ನಾಲ್ಕು ಲೀಟರ್. ಅದು ಬಡ್ಡಿ.

ಹಾಗಾದರೆ ಕಿವಿ ಯಾಕೆ ಆಡಿಸಿತು? ಅರ್ಧ ಲೀಟರ್ ನೇರ ರಕ್ತನಾಳಕ್ಕೆ ಬಿತ್ತು. ಸ್ವಲ್ಪ ಹೊತ್ತು ನಾಳ ತುಂಬಿತು, ತಲೆಗೆ ರಕ್ತ ಹೋಯಿತು. ಆದರೆ ಉಪ್ಪುನೀರು ನಾಳದೊಳಗೆ ನಿಲ್ಲುವುದಿಲ್ಲ. ಒಂದು ಗಂಟೆ ಬಿಟ್ಟು ನೋಡಿದರೆ ಹಾಕಿದ್ದರಲ್ಲಿ ಕಾಲು ಭಾಗವೋ ಮೂರನೇ ಒಂದು ಭಾಗವೋ ಉಳಿದಿರುತ್ತದೆ. ಮಿಕ್ಕಿದ್ದು ಒಣಗಿದ ಮಾಂಸ, ಚರ್ಮ ಎಲ್ಲ ಹೀರಿಕೊಳ್ಳುತ್ತವೆ. ನೀವು ಊಟಕ್ಕೆ ಕೂತ ಹೊತ್ತಿಗೆ ಅದು ಮತ್ತೆ ಇಳಿಯುತ್ತಿತ್ತು.

ಇನ್ನೊಂದು ವಿಷಯ. ಹೀಗೆ ಮಲಗಿದ ಕರುವಿನ ರಕ್ತ ಹುಳಿಯಾಗಿರುತ್ತದೆ. ಭೇದಿಯಲ್ಲಿ ಹುಳಿ ಮುರಿಯುವ ಬೈಕಾರ್ಬನೇಟ್ ಹೋಗಿಬಿಡುತ್ತದೆ. ವಾರ ದಾಟಿದ ಕರುಗಳಲ್ಲಿ ಇದು ಜಾಸ್ತಿ. ಎಷ್ಟೋ ಸಲ ಕರು ಏಳದೇ ಇರುವುದು ನೀರಿಲ್ಲದ್ದಕ್ಕಿಂತ ಈ ಹುಳಿಯಿಂದ. ಅದಕ್ಕೆ ಡಿಎನ್‌ಎಸ್‌ನಲ್ಲಿ ಏನೂ ಇಲ್ಲ. ನಾವು ಬೈಕಾರ್ಬನೇಟ್ ಲೆಕ್ಕ ಹಾಕಿ ಬೇರೆ ಬಾಟ್ಲಿನಲ್ಲಿ ಕೊಡುತ್ತೇವೆ. ದಯವಿಟ್ಟು ಯಾರೂ ಅಡುಗೆ ಸೋಡಾ ಕರಗಿಸಿ ನಾಳಕ್ಕೆ ಹಾಕುವ ಸಾಹಸ ಮಾಡಬೇಡಿ. ಕಂಡಿದ್ದೇನೆ, ಅದಕ್ಕೇ ಹೇಳಿದೆ.

ಎಚ್‌ಎಫ್ ಹತ್ತು

ಎಂಟು ಬಾಟ್ಲಾ! ನಮಗೆ ಯಾರೂ ಈ ಲೆಕ್ಕ ಹೇಳೇ ಇಲ್ಲ ಸಾರ್. ಗ್ಲೂಕೋಸ್ ಹಾಕಿಸಿದ್ದು ಸರಿಯಾ?

ಹೆಬ್ಬಾಳದ ಹುಡುಗಿ

ಸಾರ್ ಬರುವಷ್ಟರಲ್ಲಿ ನಾನು ಹೇಳುತ್ತೇನೆ. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದುತ್ತಿದ್ದೇನೆ, ಕೊನೇ ವರ್ಷ.

5% ಗ್ಲೂಕೋಸ್ ಅಂದರೆ ಲೀಟರಿಗೆ 50 ಗ್ರಾಂ ಸಕ್ಕರೆ. ಅರ್ಧ ಲೀಟರ್ ಬಾಟ್ಲಿನಲ್ಲಿ 25 ಗ್ರಾಂ. ಐದಾರು ಚಮಚ! ನೂರು ಕ್ಯಾಲರಿಯೂ ಆಗುವುದಿಲ್ಲ. ಒಂದು ಲೀಟರ್ ಹಸುವಿನ ಹಾಲಿನಲ್ಲಿ 600ಕ್ಕೂ ಜಾಸ್ತಿ ಇರುತ್ತದೆ. "ಶಕ್ತಿಗೆ ಬಾಟ್ಲು" ಅನ್ನುವುದು ನಮ್ಮ ಜನರ ದೊಡ್ಡ ನಂಬಿಕೆ. ಮನುಷ್ಯರಿಗೂ ಹಾಗೇ ಅಲ್ವಾ, ಜ್ವರ ಬಂದರೆ "ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅನ್ನುತ್ತಾರೆ.

ಮೈಯೊಳಗೆ ಆ ಸಕ್ಕರೆ ಬೇಗ ಸುಟ್ಟುಹೋಗುತ್ತದೆ. ಉಳಿಯುವುದು ಬರೀ ನೀರು. ಉಪ್ಪಿಲ್ಲದ ನೀರು ನಾಳದಲ್ಲಿ ನಿಲ್ಲುವುದೇ ಇಲ್ಲ, ಜೀವಕೋಶಗಳ ಒಳಗೆಲ್ಲ ಹಂಚಿಹೋಗುತ್ತದೆ. ಆದ್ದರಿಂದ ಪ್ರಾಣಿ ಕುಸಿದು ಬಿದ್ದಾಗ ಬರೀ 5% ಗ್ಲೂಕೋಸ್ ಕೆಲಸಕ್ಕೆ ಬಾರದು. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಅನ್ನುವ ಬಾಟ್ಲು) ಸಾಮಾನ್ಯವಾಗಿ ಒಳ್ಳೆಯದು. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಜೊತೆಗೆ ಲ್ಯಾಕ್ಟೇಟ್ ಇದೆ. ಲಿವರ್ ಆ ಲ್ಯಾಕ್ಟೇಟನ್ನು ಬೈಕಾರ್ಬನೇಟ್ ಮಾಡಿಕೊಳ್ಳುತ್ತದೆ. ಹುಳಿ ತೀರಾ ಜಾಸ್ತಿ ಇದ್ದರೆ ಅದೊಂದೇ ಸಾಲದು. ಎಳೇ ಕರು, ನಾಯಿಮರಿಗಳಲ್ಲಿ ಸಕ್ಕರೆ ಇಳಿದಿದ್ದರೆ ಗ್ಲೂಕೋಸ್ ಸೇರಿಸುತ್ತಾರೆ. ಆದರೆ ಪರೀಕ್ಷೆ ಮಾಡಿ.

ಮಲೆನಾಡ ಗಿಡ್ಡ

ನಾನು ಸಾಗರದವ. ನನಗೆ ಈ ಬಾಟ್ಲು ಪುರಾಣವೇ ಅರ್ಥವಾಗುವುದಿಲ್ಲ. ನಮ್ಮ ಅಜ್ಜಿ ಕರು ಭೇದಿಗೆ ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ, ದಾಳಿಂಬೆ ಸಿಪ್ಪೆ ಕಷಾಯ ಕೊಡುತ್ತಿದ್ದರು. ತೀರಾ ಆದರೆ ಒಂದು ಬಾಟ್ಲು. ಏಳುತ್ತಿದ್ದವು. ಈಗ ಎಂಟು ಬಾಟ್ಲು ಅನ್ನುತ್ತೀರಿ. ಬಾಟ್ಲು ಮಾರುವವರಿಗೆ ಲಾಭ ಅಷ್ಟೇ.

ಹಳೇ ಸ್ಟೆತೊಸ್ಕೋಪ್

ಹಹಹ. ನಿಮ್ಮ ಅಜ್ಜಿ ಸುಳ್ಳು ಹೇಳಿಲ್ಲ ಸ್ವಾಮಿ. ನಿಮ್ಮ ಹೆಸರಿನಲ್ಲೇ ಉತ್ತರ ಇದೆ. ಮಲೆನಾಡು ಗಿಡ್ಡದ ಕರು ಎಷ್ಟು ತೂಗುತ್ತದೆ? ಎಚ್‌ಎಫ್ ಕರುವಿನ ಕಾಲು ಭಾಗ. ಹತ್ತು ಕೆಜಿ ಕರುವಿಗೆ 8% ಕೊರತೆ ಅಂದರೆ 800 ಮಿಲಿ. ಒಂದು ಬಾಟ್ಲು, ಮೇಲೆ ಎರಡು ಸಲ ಉಪ್ಪು ಹಾಕಿದ ಗಂಜಿ ತಿಳಿ. ಲೆಕ್ಕ ಸರಿಹೋಯಿತು! ಅಜ್ಜಿಯ ಲೆಕ್ಕ ಅಜ್ಜಿಯ ಕರುವಿಗೆ ಸರಿ. ಅದೇ ಲೆಕ್ಕ ಹಿಡಿದು ನಾವು 40 ಕೆಜಿ ಕರುವಿಗೂ ಒಂದೇ ಬಾಟ್ಲು ಹಾಕುತ್ತಾ ಬಂದಿದ್ದೇವೆ. ಹಸು ಬದಲಾಯಿತು, ಬಾಟ್ಲು ಬದಲಾಗಲಿಲ್ಲ.

ಗೊಟ್ಟದಲ್ಲಿ ಕುಡಿಸುವಾಗ ಮಾತ್ರ ಹುಷಾರು. ಹೀರುವ ಶಕ್ತಿಯೇ ಇಲ್ಲದೆ ಮಲಗಿದ ಕರುವಿನ ತಲೆ ಎತ್ತಿ ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಬೆರಳು ಬಾಯಿಗಿಡಿ. ಚೀಪಿದರೆ ಬಾಯಿಯಿಂದ ಕೊಡಬಹುದು. ಚೀಪದಿದ್ದರೆ, ಏಳದಿದ್ದರೆ, ನಾಳವೇ ಗತಿ.

ಕೆಂಪಿಮನೆ

ಸಾರ್, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಎಷ್ಟು ನೀರು ಹೋಗಿದೆ ಅಂತ ನಮ್ಮಂಥವರು ತಿಳಿಯುವುದು ಹೇಗೆ?

ಹಳೇ ಸ್ಟೆತೊಸ್ಕೋಪ್

ಕಣ್ಣು ನೋಡಿ. ಚೆನ್ನಾಗಿರುವ ಕರುವಿನ ಕಣ್ಣುಗುಡ್ಡೆ ಕೆಳರೆಪ್ಪೆಗೆ ಅಂಟಿಕೊಂಡಿರುತ್ತದೆ. ರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು ನೋಡಿ. ಗುಡ್ಡೆಗೂ ರೆಪ್ಪೆಗೂ ನಡುವೆ ಸಂದು ಬಿದ್ದಿದ್ದರೆ ಒಣಗಿದೆ ಅಂತ ಅರ್ಥ. 2ರಿಂದ 4 ಮಿಲಿಮೀಟರ್ ಸಂದು ಅಂದರೆ 6ರಿಂದ 8%. ಅರ್ಧ ಸೆಂಟಿಮೀಟರಿಗಿಂತ ಹೆಚ್ಚಾದರೆ 10%ರ ಹತ್ತಿರ. ಕುತ್ತಿಗೆ ಚರ್ಮ ಚಿವುಟಿ ಬಿಡಿ, ಎರಡು ಸೆಕೆಂಡಿನೊಳಗೆ ಕೂರಬೇಕು. ಒಸಡು ಮುಟ್ಟಿ, ಜಾರಬೇಕು. ಅಂಟಂಟಾದರೆ ಒಣಗಿದೆ. 5%ಗಿಂತ ಕಡಿಮೆ ಇದ್ದರೆ ನನಗೂ ಕಾಣುವುದಿಲ್ಲ. ಆದ್ದರಿಂದ ಭೇದಿ ಶುರುವಾದ ಮೊದಲ ಹೊತ್ತಿಗೇ ಒಆರ್‌ಎಸ್ ಶುರು ಮಾಡಿ. ಕಣ್ಣು ಗುಳಿ ಬೀಳುವವರೆಗೆ ಕಾಯಬೇಡಿ.

ಹಾಲು ನಿಲ್ಲಿಸಬೇಡಿ. ನಾನೂ ಮೊದಲು "ಎರಡು ದಿನ ಹಾಲು ಬಿಡಿಸಿ" ಅಂತಲೇ ಬರೆದುಕೊಡುತ್ತಿದ್ದೆ. ನಮಗೆ ಕಲಿಸಿದ್ದೇ ಹಾಗೆ. ಈಗ ಹಾಗಲ್ಲ. ಒಆರ್‌ಎಸ್‌ನಲ್ಲಿ ನೀರು, ಉಪ್ಪು ಸಿಗುತ್ತದೆ, ಹೊಟ್ಟೆ ತುಂಬುವುದಿಲ್ಲ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ, ಒಂದೆರಡು ಗಂಟೆ ಬಿಟ್ಟು ಒಆರ್‌ಎಸ್ ಕೊಡಿ. ಪುಡಿಯನ್ನು ನೀರಿಗೇ ಬೆರೆಸಿ, ಹಾಲಿಗೆ ಬೆರೆಸಬೇಡಿ. ಕರುಗಳದ್ದೇ ಪುಡಿ ಸಿಗುತ್ತದೆ, ಅದರಲ್ಲಿ ಸೋಡಿಯಂ ಜಾಸ್ತಿ. ರಾತ್ರಿ ಹೊತ್ತು ಅದು ಸಿಗದಿದ್ದರೆ ಮನುಷ್ಯರ ಪ್ಯಾಕೆಟ್ಟೇ ಕೊಡಿ, ಏನೂ ಕೊಡದಿರುವುದಕ್ಕಿಂತ ವಾಸಿ.

ಮೂರು ಬೀದಿ ಏಳು ನಾಯಿ

ನಾನು ಬೆಂಗಳೂರಿನವಳು, ಬೀದಿನಾಯಿಗಳಿಗೆ ಊಟ ಹಾಕುತ್ತೇನೆ. ಇಲ್ಲಿ ಕೇಳಬಹುದಾ? ಪಾರ್ವೋ (ನಾಯಿಗಳ ವೈರಸ್ ರೋಗ) ಬಂದ ಮರಿ, ನಾಲ್ಕು ಕೆಜಿ. ವಾಂತಿ, ರಕ್ತಭೇದಿ. ಒಂದು ಕ್ಲಿನಿಕ್ಕಿನಲ್ಲಿ ಬೆನ್ನಿನ ಚರ್ಮದ ಕೆಳಗೆ ಆರ್‌ಎಲ್ ಹಾಕಿ ಕಳಿಸಿದರು. ಬೆನ್ನ ಮೇಲೆ ಒಂಟೆ ಡುಬ್ಬದ ಹಾಗೆ ಉಬ್ಬಿತ್ತು. ರಾತ್ರಿ ಹನ್ನೊಂದಕ್ಕೆ ನೋಡಿದರೂ ಡುಬ್ಬ ಹಾಗೇ ಇದೆ, ಕರಗಿಲ್ಲ. ಮರಿಯ ಕಾಲು ಐಸಿನ ಹಾಗೆ. ಬೆಳಿಗ್ಗೆ ಮರಿ ಇರಲಿಲ್ಲ. ಡುಬ್ಬ ಇನ್ನೂ ಇತ್ತು. ಅದು ನನಗೆ ಮರೆಯುವುದಿಲ್ಲ.

ಹೆಬ್ಬಾಳದ ಹುಡುಗಿ

ಅಕ್ಕಾ, ಬೇಜಾರಾಯಿತು. ಡುಬ್ಬ ಕರಗದ್ದೇ ಕಾರಣ ಹೇಳುತ್ತಿದೆ. ರಕ್ತದ ಪ್ರಮಾಣ ಕುಸಿದಾಗ ಮೈ ಮೊದಲು ಚರ್ಮಕ್ಕೆ ಹೋಗುವ ರಕ್ತ ನಿಲ್ಲಿಸುತ್ತದೆ. ಹೃದಯ, ಮೆದುಳು ಉಳಿದರೆ ಸಾಕು ಅಂತ. ಆಗ ಚರ್ಮದಡಿ ಹಾಕಿದ ನೀರನ್ನು ಎತ್ತಿಕೊಂಡು ಹೋಗುವವರು ಯಾರು? ಅಲ್ಲೇ ನಿಲ್ಲುತ್ತದೆ. ಅಂಥ ಮರಿಗೆ ನಾಳದಲ್ಲೇ, ಕೆಜಿಗೆ 15-20 ಮಿಲಿಯಂತೆ ಕಾಲು ಗಂಟೆಯೊಳಗೆ ಕೊಟ್ಟು, ಒಸಡು, ನಾಡಿ ನೋಡಿ, ಬೇಕಾದರೆ ಮತ್ತೆ ಕೊಡುತ್ತಾರೆ. ನಾಲ್ಕು ಕೆಜಿ ಮರಿಗೆ ಒಂದು ಸಲಕ್ಕೆ 60ರಿಂದ 80 ಮಿಲಿ. ನಾಳ ಸಿಗದಿದ್ದರೆ ಮೂಳೆಯೊಳಗೆ ಸೂಜಿ ಹಾಕುವುದೂ ಉಂಟು.

ಆಮೇಲೆ ಕೊರತೆ ತುಂಬುವ ಲೆಕ್ಕ. 8% ಅಂದರೆ 320 ಮಿಲಿ, ದಿನದ ಖರ್ಚು 200 ಚಿಲ್ಲರೆ, ಮೇಲೆ ವಾಂತಿ ಭೇದಿಯಲ್ಲಿ ಹೋಗಿದ್ದು. ಅದನ್ನು 24 ಗಂಟೆಯ ಮೇಲೆ ಹರಡಿ ಕೊಡುತ್ತಾರೆ. ವಾಂತಿ ಭೇದಿಯಲ್ಲಿ ಪೊಟ್ಯಾಸಿಯಂ ಹೋಗುತ್ತದೆ, ಅದನ್ನೂ ಸೇರಿಸಬೇಕು. ಆದರೆ ಪೊಟ್ಯಾಸಿಯಂ ಬೆರೆಸಿದ ಬಾಟ್ಲನ್ನು ಯಾವತ್ತೂ ಜೋರಾಗಿ ಬಿಡಬಾರದು. ಹೃದಯ ನಿಂತುಬಿಡುತ್ತದೆ.

ಹಳೇ ಸ್ಟೆತೊಸ್ಕೋಪ್

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮೈ ಒಣಗುವುದು ಬೇರೆ, ರಕ್ತದ ಪ್ರಮಾಣ ಕುಸಿಯುವುದು ಬೇರೆ. ಚನ್ನರಾಯಪಟ್ಟಣದವರಿಗೆ ಹೇಮಾವತಿ ನಾಲೆ ಗೊತ್ತಲ್ಲ. ಮೈ ಗದ್ದೆ, ರಕ್ತನಾಳ ನಾಲೆ ಅಂದುಕೊಳ್ಳಿ. ಗದ್ದೆ ಒಣಗಿದ್ದರೂ ನಾಲೆಯಲ್ಲಿ ನೀರಿದ್ದರೆ ನಿಧಾನಕ್ಕೆ ಕಟ್ಟಬಹುದು. ಅಲ್ಲಿ ಚರ್ಮ ನಿಂತೇ ಇರುತ್ತದೆ, ಒಸಡು ಅಂಟುತ್ತದೆ, ಆದರೆ ನಾಡಿ ಚೆನ್ನಾಗಿರುತ್ತದೆ. ನಾಲೆಯೇ ಬತ್ತಿದರೆ ಕಾಲು, ಕಿವಿ ತಣ್ಣಗಾಗುತ್ತವೆ. ಒಸಡು ಬಿಳುಚುತ್ತದೆ. ಒಸಡನ್ನು ಒತ್ತಿ ಬಿಟ್ಟರೆ ಬಣ್ಣ ಬರಲು ಎರಡು ಸೆಕೆಂಡಿಗಿಂತ ಜಾಸ್ತಿ ಬೇಕು. ಆಗ ಮೊದಲು ನಾಲೆ ತುಂಬಿಸಬೇಕು, ಬೇಗ. ಆಮೇಲೆ ಗದ್ದೆ, ನಿಧಾನಕ್ಕೆ.

ಲಾರಿ ಹೊಡೆದು ರಕ್ತ ಸೋರಿದ ನಾಯಿಗೆ ಗದ್ದೆ ಒದ್ದೆಯಾಗೇ ಇದೆ, ನಾಲೆ ಖಾಲಿ. ಚರ್ಮ ಚಿವುಟಿ "ಡಿಹೈಡ್ರೇಷನ್ ಇಲ್ಲ, ಪರವಾಗಿಲ್ಲ" ಅಂದರೆ ನಾಯಿ ಹೋಗುತ್ತದೆ. ಭೇದಿಯ ಕರುವಿನಲ್ಲಿ ಎರಡೂ ಒಟ್ಟಿಗೆ ಇರುತ್ತವೆ, ಅದಕ್ಕೇ ಅದು ಕಷ್ಟದ ಕೇಸು.

ಬೆಕ್ಕಿನಮ್ಮ ಮೈಸೂರು

ಹಾಗಾದರೆ ಚರ್ಮದಡಿ ಹಾಕುವುದು ತಪ್ಪಾ? ನಮ್ಮ ಹದಿನಾಲ್ಕು ವರ್ಷದ ಬೆಕ್ಕಿಗೆ ಕಿಡ್ನಿ ತೊಂದರೆ. ಡಾಕ್ಟರೇ ಹೇಳಿಕೊಟ್ಟು ದಿನ ಬಿಟ್ಟು ದಿನ ನಾನೇ ಮನೆಯಲ್ಲಿ 100 ಮಿಲಿ ಆರ್‌ಎಲ್ ಹಾಕುತ್ತೇನೆ. ಬಾಟ್ಲನ್ನು ಬಿಸಿನೀರಿನ ಬಕೆಟ್‌ನಲ್ಲಿ ಹತ್ತು ನಿಮಿಷ ಇಟ್ಟು, ಮುಂಗೈಗೆ ಹನಿ ಬಿಟ್ಟು ನೋಡಿ, ಆಮೇಲೆ.

ಹೆಬ್ಬಾಳದ ಹುಡುಗಿ

ತಪ್ಪಲ್ಲವೇ ಅಲ್ಲ ಆಂಟಿ. ನಿಮ್ಮ ಬೆಕ್ಕು ಓಡಾಡುತ್ತದೆ, ನಾಡಿ ಸರಿ ಇದೆ, ಸ್ವಲ್ಪ ಒಣಗುತ್ತದೆ ಅಷ್ಟೇ. ಅದಕ್ಕೆ ಅದೇ ಸರಿಯಾದ ದಾರಿ. ಬರೀ 5% ಗ್ಲೂಕೋಸ್ ಮಾತ್ರ ಚರ್ಮದಡಿ ಹಾಕಬೇಡಿ. ಬೆಕ್ಕಿಗೆ ನೀರು ಜಾಸ್ತಿಯಾದರೆ ತಡೆಯುವ ಶಕ್ತಿ ಕಡಿಮೆ. ನಾಯಿಯ ರಕ್ತ ಕೆಜಿಗೆ 80-90 ಮಿಲಿ ಇದ್ದರೆ ಬೆಕ್ಕಿನದು 60ರ ಆಸುಪಾಸು. ಸುಮ್ಮನೆ ಮಲಗಿದ್ದಾಗ ಉಸಿರು ಎಣಿಸಿ ಬರೆದಿಡಿ. ಅದು ದಿನೇ ದಿನೇ ಏರಿದರೆ ಫ್ಲೂಯಿಡ್ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ಎಚ್‌ಎಫ್ ಹತ್ತು

ಸಾರ್, ಎಂಟು ಬಾಟ್ಲು ಹನಿ ಹನಿಯಾಗಿ ಬಿಟ್ಟರೆ ಮುಗಿಯುವುದು ಯಾವಾಗ? ಕಾಂಪೌಂಡರ್ ಬಂದು ಹೋಗಿಬಿಡುತ್ತಾರೆ.

ಹಳೇ ಸ್ಟೆತೊಸ್ಕೋಪ್

ಒಳ್ಳೇ ಪ್ರಶ್ನೆ. 20 ಹನಿಗೆ ಒಂದು ಮಿಲಿ ಬೀಳುವ ಸೆಟ್ ಅಂದುಕೊಳ್ಳಿ. ನಿಮಿಷಕ್ಕೆ 60 ಹನಿ ಬಿಟ್ಟರೆ 3 ಮಿಲಿ. ಒಂದು ಬಾಟ್ಲಿಗೆ ಪೌಣೆ ಮೂರು ಗಂಟೆ. ಎಂಟಕ್ಕೆ 22 ಗಂಟೆ! ಕುಸಿದು ಬಿದ್ದ ಕರುವಿಗೆ ಅದಾಗದು. ಮೊದಲ ಗಂಟೆಯಲ್ಲೇ ಒಂದು ಲೀಟರಿಗಿಂತ ಹೆಚ್ಚು ಹೋಗಬೇಕು, ಆಮೇಲೆ ನಿಧಾನ. ಅದಕ್ಕೆ ಸೂಜಿ ದಪ್ಪ ಇರಬೇಕು. ಕರುವಿಗೆ ಬೂದು ಬಣ್ಣದ 16 ಅಥವಾ ಹಸಿರು 18 ನಂಬರಿನದು. ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ. ಬೆಕ್ಕಿಗೆ ಹಾಕುವ ಹಳದಿ 24 ಹಾಕಿಕೊಂಡು ಬಾಟ್ಲು ಎಷ್ಟು ಮೇಲಕ್ಕೆ ಕಟ್ಟಿದರೂ ಹರಿಯುವುದಿಲ್ಲ. ಸೂಜಿ ಚುಚ್ಚಿ ತೆಗೆಯುವುದಲ್ಲ, ಕ್ಯಾನುಲಾ (ನಾಳದಲ್ಲೇ ಬಿಡುವ ಸಣ್ಣ ಕೊಳವೆ) ಹಾಕಿ ಹೊಲಿದು ಬಿಡಬೇಕು, ರಾತ್ರಿ ಇಡೀ ಬೇಕಾಗುತ್ತದೆ.

ಹಳೇ ಕತೆಯೊಂದು ನೆನಪಾಯಿತು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಾಲರಾ. ಥಾಮಸ್ ಲಟ್ಟಾ ಅನ್ನುವ ಡಾಕ್ಟರ್ ಸಾಯುತ್ತಿದ್ದ ಮುದುಕಿಯೊಬ್ಬಳ ನಾಳಕ್ಕೆ ಉಪ್ಪುನೀರು ಬಿಟ್ಟ. ಹೀಗೆ ಮನುಷ್ಯರಿಗೆ ಮಾಡಿದ್ದರಲ್ಲಿ ಅದೇ ಮೊದಲ ಸಾಲಿನದು. ಆರು ಪಿಂಟ್, ಅಂದರೆ ಮೂರು ಲೀಟರಿಗೂ ಮೇಲೆ. ಮುದುಕಿ ಎದ್ದು ಮಾತಾಡಿದಳು. ಅವಳಿಗೆ ವಾಸಿಯಾಯಿತು ಅಂತ ಬೇರೆಯವರಿಗೆ ಒಪ್ಪಿಸಿ ಲಟ್ಟಾ ಹೊರಟ. ವಾಂತಿ ಭೇದಿ ಮತ್ತೆ ಶುರುವಾಯಿತು, ಮತ್ತೆ ಯಾರೂ ನೀರು ಬಿಡಲಿಲ್ಲ, ಕೆಲವೇ ಗಂಟೆಯಲ್ಲಿ ಹೋದಳು. ನಿಮ್ಮ ಕರುವಿನದೇ ಕತೆ. ಕೆಂಪಿಮನೆಯವರು ನೊಂದುಕೊಳ್ಳಬೇಡಿ, ಅಷ್ಟು ದೊಡ್ಡ ಡಾಕ್ಟರೂ ದಣಿವಾರಿಸಿಕೊಳ್ಳಲು ಎದ್ದು ಹೋದವನೇ.

ಮಲೆನಾಡ ಗಿಡ್ಡ

ಸರಿ, ಬಾಟ್ಲು ಬೇಕು ಅಂತ ಒಪ್ಪಿದೆ. ಹಾಗಾದರೆ ಉಣ್ಣೆ ಜ್ವರ (ಉಣುಗು ಕಚ್ಚಿ ಬರುವುದು) ಬಂದು ರಕ್ತ ಇಲ್ಲದೆ ಬಿಳುಚಿದ ಹಸುವಿಗೂ ಹತ್ತು ಬಾಟ್ಲು ಹಾಕಿಸಲಾ? ನಮ್ಮಲ್ಲಿ ಮಿಶ್ರತಳಿ ಹಸುವಿಗೆ ಬಂದಿತ್ತು. ಮೂತ್ರ ಕಾಫಿ ಡಿಕಾಕ್ಷನ್ ಹಾಗೆ.

ಹಳೇ ಸ್ಟೆತೊಸ್ಕೋಪ್

ಬೇಡ! ಅಲ್ಲಿ ನಾಲೆಯಲ್ಲಿ ನೀರು ಸರಿಯಾಗೇ ಇದೆ. ಕೆಂಪು ಕಣ ಕಡಿಮೆಯಾಗಿದೆ. ಸಲೈನ್ ಸುರಿದರೆ ಮೊದಲೇ ತೆಳು ಇರುವ ರಕ್ತ ಇನ್ನೂ ತೆಳುವಾಗುತ್ತದೆ. ರೋಗಕ್ಕೆ ಔಷಧಿ ಬೇರೆ. ರಕ್ತ ತೀರಾ ಇಳಿದಿದ್ದರೆ ರಕ್ತವನ್ನೇ ಕೊಡಬೇಕು. ಪಕ್ಕದ ಕೊಟ್ಟಿಗೆಯ ಒಳ್ಳೇ ಹಸುವಿನಿಂದ, ಹೆಪ್ಪುಗಟ್ಟದಿರಲಿ ಅಂತ ಸೋಡಿಯಂ ಸಿಟ್ರೇಟ್ ಹಾಕಿದ ಬಾಟ್ಲಿಗೆ ನಾಲ್ಕು ಲೀಟರ್ ತೆಗೆದು ಕೊಟ್ಟಿದ್ದೇನೆ, ಎಷ್ಟೋ ಸಲ. 400 ಕೆಜಿ ಹಸು ಅಷ್ಟು ಕೊಟ್ಟರೆ ಅದಕ್ಕೇನೂ ಆಗುವುದಿಲ್ಲ. ಹಸುಗಳಲ್ಲಿ ರಕ್ತದ ಗುಂಪು ಬಹಳ, ಆದರೂ ಮೊದಲ ಸಲ ಕೊಡುವಾಗ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ಶುರುವಿನಲ್ಲಿ ನಿಧಾನಕ್ಕೆ ಬಿಟ್ಟು, ನಡುಕ, ದಮ್ಮು ಬಂತಾ ಅಂತ ನೋಡಬೇಕು. ಅದೇ ಸೆಟ್ಟಿನಲ್ಲಿ ಆರ್‌ಎಲ್ ಬಿಡಬಾರದು, ಅದರ ಕ್ಯಾಲ್ಸಿಯಂನಿಂದ ರಕ್ತ ಹೆಪ್ಪುಗಟ್ಟುತ್ತದೆ.

ಬೆಕ್ಕಿನಲ್ಲಿ ಮಾತ್ರ ಗುಂಪು ನೋಡದೆ ಮೊದಲ ಹನಿಯೂ ಬೇಡ. ಗುಂಪು ತಪ್ಪಿದರೆ ಮೊದಲ ಸಲಕ್ಕೇ ಪ್ರಾಣ ಹೋಗಬಹುದು.

ಇನ್ನೊಂದು. ಈಗಷ್ಟೇ ರಕ್ತ ಸೋರಿದ ಪ್ರಾಣಿಯ ಹಿಮೋಗ್ಲೋಬಿನ್ ತೆಗೆಸಿ "ರಿಪೋರ್ಟ್ ನಾರ್ಮಲ್" ಅಂತ ಸಮಾಧಾನ ಪಡಬೇಡಿ. ಅರ್ಧ ಕೊಡ ಹಾಲು ಚೆಲ್ಲಿದರೆ ಉಳಿದ ಹಾಲು ತೆಳುವಾಗುತ್ತದಾ? ಇಲ್ಲ. ಮೈ ನೀರು ಎಳೆದುಕೊಂಡ ಮೇಲೆ, ಗಂಟೆಗಳ ನಂತರ, ಆಗ ಇಳಿದು ಕಾಣುತ್ತದೆ.

ಎಚ್‌ಎಫ್ ಹತ್ತು

ದೊಡ್ಡ ಹಸುವೇ ಮಲಗಿದರೆ? 450 ಕೆಜಿಗೆ 8% ಅಂದರೆ 36 ಲೀಟರ್, 72 ಬಾಟ್ಲು. ಹಸು ಮಾರಿದರೂ ಸಾಲದು!

ಹಳೇ ಸ್ಟೆತೊಸ್ಕೋಪ್

ಅದಕ್ಕೊಂದು ಉಪಾಯ ಇದೆ. ಕೆಚ್ಚಲು ಬಾವು ವಿಷವೇರಿ ಕುಸಿದ ಹಸುವಿಗೆ 7.2%ರ ಗಟ್ಟಿ ಉಪ್ಪುನೀರು, ಎರಡು ಲೀಟರ್, ಐದಾರು ನಿಮಿಷಕ್ಕೆ ಬಿಡುತ್ತೇವೆ. ಮಾಮೂಲಿ ಸಲೈನಿಗಿಂತ ಎಂಟು ಪಟ್ಟು ಉಪ್ಪು. ಅದು ಮೈಯೊಳಗಿನ ನೀರನ್ನೇ ನಾಳಕ್ಕೆ ಎಳೆದುಕೊಳ್ಳುತ್ತದೆ. ಮುಗಿದ ಕೂಡಲೇ ಹಸುವಿಗೆ ಎಲ್ಲಿಲ್ಲದ ಬಾಯಾರಿಕೆ. ಮುಂದೆ ಬಕೆಟ್ ಇಟ್ಟು ನೋಡಬೇಕು ನೀವು, ಮೂಗು ಮುಳುಗಿಸಿ ಸೊರ್ ಅಂತ ಎರಡು ಬಕೆಟ್ ಎಳೆಯುತ್ತದೆ. ಕುಡಿಯದಿದ್ದರೆ ಹೊಟ್ಟೆಗೆ ಟ್ಯೂಬ್ ಹಾಕಿ 20 ಲೀಟರಾದರೂ ಬಿಡಲೇಬೇಕು, ಇಲ್ಲದಿದ್ದರೆ ಕೆಡುಕು. ಹೊಟ್ಟೆಯೇ ಅದರ ದೊಡ್ಡ ಟ್ಯಾಂಕು, 72 ಬಾಟ್ಲು ಯಾಕೆ? ಇದು ಡಾಕ್ಟರ್ ನಿಂತು ಮಾಡುವ ಕೆಲಸ, ಮನೆಯಲ್ಲಿ ಬೇಡ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ.

ಕೆಂಪಿಮನೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹಸು ಕರು ಹಾಕಿತು, ಮತ್ತೆ ಹೆಣ್ಣು. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆ ತುಂಬ ಕುಡಿಸಿದೆವು. ಆದರೂ ಏಳನೇ ದಿನ ಭೇದಿ. ಕೈ ನಡುಗಿತು ನಿಜ. ರೆಪ್ಪೆ ಎಳೆದು ನೋಡಿದೆ, ಸಣ್ಣ ಸಂದು, ಬೆಂಕಿಕಡ್ಡಿ ದಪ್ಪ. ಬೆರಳು ಚೀಪಿತು. 36 ಕೆಜಿಗೆ 6% ಅಂದರೆ ಎರಡು ಲೀಟರಿನ ಮೇಲೆ ಅಂತ ಲೆಕ್ಕ ಹಾಕಿಕೊಂಡೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೂವರೆ ಲೀಟರಿನಂತೆ ಒಆರ್‌ಎಸ್ ಕೊಟ್ಟೆವು, ನಡುವೆ ಹಾಲು. 1962ಕ್ಕೂ ಫೋನ್ ಮಾಡಿದೆ. ಬಂದ ಡಾಕ್ಟರಮ್ಮ ನೋಡಿ, ಹೀರುತ್ತಿದೆ, ಬಾಟ್ಲು ಬೇಡ, ಹೀಗೇ ಮುಂದುವರಿಸಿ ಅಂದರು. ಬಾಟ್ಲು ಹಾಕಲಿಲ್ಲ ಅಂತ ಅಮ್ಮನಿಗೇ ಈ ಸಲ ಅನುಮಾನ!

ಯಾರು ಎಷ್ಟು ಕುಡಿಸಿದರು ಅಂತ ಗೊತ್ತಾಗಲಿ ಅಂತ ಅಮ್ಮ ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಲ್ಲಿ ಲೀಟರಿಗೊಂದು ಗೀಟು ಎಳೆದಿದ್ದರು. ಹದಿನೇಳು ಗೀಟು. ಇವತ್ತು ಬೆಳಿಗ್ಗೆ ಹೋದರೆ ಹನ್ನೆರಡೇ ಇವೆ. ಮಿಕ್ಕಿದ್ದನ್ನು ಕರು ನೆಕ್ಕಿ ಅಳಿಸಿದೆ.